ಬೀಗರು ಮೀನು ಮಗುಚಿದ್ದು

ತುಂಗ್‌ಪು ಕೋಟೆ, ದಕ್ಷಿಣ ಬಾಗಿಲ ಬೀದಿ
ಮೂರನೇ ತಿಂಗಳ ಹದಿನೆಂಟು, ಮಾಜು ತಾಯಿಯ ಹುಟ್ಟುಹಬ್ಬದ ವಾರ

ಪ್ರೀತಿಯ ಬುನ್‌ಹಾಯ್,

ಹೇಗಿದ್ದೀಯ ಮಗಾ? ಹೊಟ್ಟೆ ಸರಿಯಿದೆಯಾ? ಹಡಗಿನ ಅಡಿಗೆಯವನು ಈಗಲೂ ಅನ್ನವನ್ನು ಗಂಜಿ ಮಾಡಿ, ಗಂಜಿಯನ್ನು ಗೋಂದು ಮಾಡಿ ಬಡಿಸುತ್ತಾನಾ? ಎಡಗಡೆ ಹಲ್ಲು ನೋಯುತ್ತದೆ ಅಂದಿದ್ದೆ, ಲವಂಗ ಕಚ್ಚಿ ಹಿಡಿ ಅಂದಿದ್ದೆ. ನೀನು ಹಿಡಿದಿರುವುದಿಲ್ಲ, ನನಗೆ ಗೊತ್ತು. ಎಂಜಿನ್ ಕೋಣೆಯ ಸೆಕೆಯಿಂದ ಬೆವರಿಕೊಂಡು ಬಂದು ಹಾಗೇ ಮೇಲುಗಡೆ ಗಾಳಿಗೆ ಎದೆ ಒಡ್ಡಬೇಡ. ನಿನ್ನ ತಾತ ಕಡಲಿನಲ್ಲಿ ಅಷ್ಟು ವರ್ಷ ದುಡಿದರೂ ಕಡಲು ಅವರನ್ನು ಏನೂ ಮಾಡಲಿಲ್ಲ, ಬೆವರ ಮೇಲೆ ಬಿದ್ದ ಗಾಳಿಯೇ ಎದೆಗೆ ಇಳಿದು ಹಾಸಿಗೆಯಲ್ಲಿ ಕೆಮ್ಮಿ ಕೆಮ್ಮಿ ಹೋದರು. ನಾವೆಲ್ಲ ಇಲ್ಲಿ ಆರೋಗ್ಯವಾಗಿದ್ದೇವೆ. ನಿನ್ನ ಅಪ್ಪನಿಗೆ ಕಲ್ಲು ಕೆತ್ತಿ ಕೆತ್ತಿ ಕಿವಿ ಇನ್ನಷ್ಟು ಮಂದವಾಗಿದೆ. ನಿನ್ನ ಅಮ್ಮ ಅದನ್ನೇ ಅನುಕೂಲ ಮಾಡಿಕೊಂಡು ಅವನನ್ನು ಎದುರಿಗೇ ಬಯ್ಯುತ್ತಾಳೆ. ನನ್ನ ಮೊಣಕಾಲು ಮೊದಲಿನ ಹಾಗೇ, ಮಳೆ ಬರುವ ಮುಂಚೆ ರೇಡಿಯೋಗಿಂತ ಚೆನ್ನಾಗಿ ಹೇಳುತ್ತದೆ.

ಫೋನ್ ಇರುವಾಗ ಅಜ್ಜಿ ಯಾಕೆ ಕಾಗದ ಬರೆಯುತ್ತಾಳೆ ಅಂತ ನಗಬೇಡ. ಫೋನಿನಲ್ಲಿ ನೀನು ಹ್ಞೂಂ ಹ್ಞೂಂ ಅನ್ನುತ್ತೀಯ, ಆಮೇಲೆ ಗೊರಗೊರ ಸದ್ದು, ಆಮೇಲೆ ಏನೂ ಇಲ್ಲ. ಹೇಳಬೇಕಾದದ್ದು ಗಂಟಲಲ್ಲೇ ಉಳಿಯುತ್ತದೆ. ನಿಮ್ಮ ಕಂಪನಿಯವರು ಮುಂದಿನ ಬಂದರಿಗೆ ಸಾಮಾನು ಕಳಿಸುವಾಗ ಇದನ್ನೂ ಅದರ ಜೊತೆ ಹಾಕುತ್ತಾರಂತೆ. ರಾತ್ರಿ ಶಾಲೆಯಲ್ಲಿ ಎರಡು ಚಳಿಗಾಲ ಕೂತು ಕಲಿತ ಅಕ್ಷರ ನನ್ನದು. ತಪ್ಪಿದ್ದರೆ ಮೀನಿನ ಮುಳ್ಳು ತೆಗೆದ ಹಾಗೆ ತೆಗೆದಿಟ್ಟು, ಉಳಿದದ್ದನ್ನು ಓದು.

ಇದು ಉಪಕಾರ ನೆನೆಯುವ ಕಾಗದ. ಬೈಗುಳ ನಡುವೆ ಬಂದರೆ ಅದು ನನ್ನ ಬಾಯಿಯ ಅಭ್ಯಾಸ, ಮನಸ್ಸಿನದಲ್ಲ.

ನೀನು ಹೇಳಿ ಹೋದ ಹಾಗೆ, ನೀನು ಮೆಚ್ಚಿದ ಹುಡುಗಿ ರೂಲಾನಳ ಅಪ್ಪ ಅಮ್ಮ ಬಂದು ಹೋದರು. ಗುಯಿಚೌ ಬೆಟ್ಟದಿಂದ ರೈಲಿನಲ್ಲಿ ಕೂತು ಕೂತು ಕಾಲು ಊದಿಸಿಕೊಂಡು ಬಂದರು. ರೂಲಾನ್ ಬೂಟಿನ ಕಾರ್ಖಾನೆಯಲ್ಲಿ ರಜೆ ಕೇಳಿ ಸ್ಟೇಷನ್ನಿಗೆ ಹೋಗಿ ಕರೆದುಕೊಂಡು ಬಂದಳು. ಹೊಸ್ತಿಲು ದಾಟುವ ಮುಂಚೆಯೇ ಅವಳಪ್ಪ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು: "ಅಜ್ಜಿ, ನಮಗಿರೋದು ಒಬ್ಬಳೇ ಮಗಳು. ಮನೆ ನೋಡ್ತೀವಿ, ಊರು ನೋಡ್ತೀವಿ, ಆ ನಿಮ್ಮ ಕಡಲನ್ನೂ ನೋಡ್ತೀವಿ. ಕೊಡೋದೋ ಬಿಡೋದೋ ಆಮೇಲೆ ಹೇಳ್ತೀವಿ." ಹೆಸರು ಮೌ ತಿಂಗ್‌ಶಾನ್. ಕುಳ್ಳ, ಭುಜ ಮಾತ್ರ ಬಾಗಿಲಷ್ಟು ಅಗಲ. ಕಲ್ಲಿದ್ದಲ ಗಣಿಯಲ್ಲಿ ವಯಸ್ಸು ಕಳೆದವರು, ಕಣ್ಣಿನ ರೆಪ್ಪೆಯ ಬುಡದಲ್ಲಿ ಈಗಲೂ ಕಪ್ಪು ಗೆರೆ. ನಮ್ಮ ಬೀದಿಯ ಹೆಂಗಸರು ಹುಡುಗಿಯ ಅಪ್ಪ ಕಾಡಿಗೆ ಹಚ್ಚುತ್ತಾನಾ ಅಂತ ಕೇಳಿದರು. ನಿಮ್ಮ ಗಂಡಂದಿರು ಹಚ್ಚಿದರೂ ಅಷ್ಟು ಲಕ್ಷಣವಾಗಿ ಕಾಣುವುದಿಲ್ಲ ಅಂದೆ. ಬೀಗಿತ್ತಿಯ ಹೆಸರು ಪೇಯ್‌ಫೆನ್. ಮಾತು ಕಡಿಮೆ, ಕೈ ಸುಮ್ಮನಿರುವುದಿಲ್ಲ. ಬಂದ ಗಳಿಗೆಯಲ್ಲೇ ನಮ್ಮ ಬೆಳ್ಳುಳ್ಳಿ ಬುಟ್ಟಿ ಎಳೆದುಕೊಂಡು ಸುಲಿಯಲು ಕೂತರು. ಇನ್ನೂ ಬೀಗರಾಗಿಲ್ಲ, ನಾನಾಗಿಯೇ ಬೀಗರು ಅಂತ ಕರೆಯಲು ಶುರುಮಾಡಿದೆ. ಕರೆದು ಕರೆದು ರೂಢಿಯಾದರೆ ಬೇಡ ಅನ್ನಲು ನಾಲಿಗೆ ಹಿಂಜರಿಯುತ್ತದೆ ಅನ್ನುವುದು ನನ್ನ ಲೆಕ್ಕಾಚಾರ.

ಅವರ ಭಾಷೆ ನನಗೆ ಅಷ್ಟಕ್ಕಷ್ಟೆ. ಟಿವಿಯ ಧಾರಾವಾಹಿಯಲ್ಲಿ ಅತ್ತೆ ಸೊಸೆ ಜಗಳ ನೋಡಿ ಕಲಿತದ್ದರಿಂದ, ಜಗಳದ ಮಾತಾದರೆ ಪೂರ್ತಿ ತಿಳಿಯುತ್ತದೆ, ಪ್ರೀತಿಯ ಮಾತಾದರೆ ರೂಲಾನ್ ಬಿಡಿಸಿ ಹೇಳಬೇಕು. ನಾನು ಬೆಲ್ಲದ ನೀರಿನಲ್ಲಿ ಮೊಟ್ಟೆ ಬೇಯಿಸಿ ಕೊಟ್ಟೆ, ಮನೆಗೆ ಮೊದಲ ಸಲ ಬಂದವರಿಗೆ ಕೊಡಬೇಕಲ್ಲ. ಬೀಗರು ಚೀಲದಿಂದ ಮೆಣಸಿನಕಾಯಿ ಉಪ್ಪಿನಕಾಯಿಯ ಭರಣಿ ತೆಗೆದು ಆ ಸಿಹಿ ಮೊಟ್ಟೆಯ ಮೇಲೆ ಒಂದು ಚಮಚ ಸುರಿದುಕೊಂಡರು. ನಿನ್ನ ಅಮ್ಮನ ಕಣ್ಣು ನೋಡಬೇಕಿತ್ತು! ಅವಳ ಕಾಲು ತುಳಿದು ಸುಮ್ಮನಿರಿಸಿದೆ. ಅವರು ಹೊಗೆಯಲ್ಲಿ ಒಣಗಿಸಿದ ಹಂದಿಮಾಂಸವನ್ನು ಒಂದು ಇಡೀ ತೊಡೆಯಷ್ಟು ತಂದಿದ್ದಾರೆ. ನಿನ್ನ ಪಾಲು ಕೊಂಡಿಗೆ ತೂಗುಹಾಕಿದ್ದೇನೆ, ಬೆಕ್ಕು ದಿನವೂ ಅದರ ಕೆಳಗೆ ತಪಸ್ಸು ಕೂರುತ್ತದೆ.

ಮೊದಲ ದಿನ ಮಧ್ಯಾಹ್ನ ಕೋಟೆ ಗೋಡೆಯ ಮೇಲೆ ಕರೆದುಕೊಂಡು ಹೋದೆ. ಹಿಂದೆ ಕಡಲ್ಗಳ್ಳರು ಒಳಗೆ ಬರಬಾರದು ಅಂತ ರಾಜರು ಕಟ್ಟಿಸಿದ ಗೋಡೆಯಲ್ಲಿ ಈಗ ಯಾರು ಬೇಕಾದರೂ ಬನ್ನಿ ಅಂತ ಟಿಕೆಟ್ಟು ಮಾರುತ್ತಾರೆ. ನಾನು ತರಕಾರಿ ಬುಟ್ಟಿ ಹಿಡಿದು ಹೋಗುವ ಸಂದಿಯಿಂದ ಅವರನ್ನು ನುಗ್ಗಿಸಿದೆ. ಕಾವಲಿನವನು "ಅಜ್ಜೀ, ಇವರು ಯಾರು?" ಅಂದ. "ನನ್ನ ಬೀಗರು, ಟಿಕೆಟ್ಟು ಬೇಕಾದರೆ ನಿನ್ನ ಮದುವೆಯಲ್ಲಿ ಯಾರು ಅಡಿಗೆ ಮಾಡಿದ್ದು ಅಂತ ಮೊದಲು ನೆನಪು ಮಾಡಿಕೋ" ಅಂದೆ. ದಾರಿ ಬಿಟ್ಟ. ಮೇಲೆ ನನ್ನ ಹೂವಿನ ತಲೆವಸ್ತ್ರ, ಹಳದಿ ಟೋಪಿ ನೋಡಿ ಪೇಟೆಯ ಹುಡುಗಿಯರು ಫೋಟೋ ಹಿಡಿದರು. ನಾನು ಇರುವ ಹಲ್ಲನ್ನೆಲ್ಲ ತೋರಿಸಿ ನಕ್ಕೆ. ಬೀಗರು ಮಾತ್ರ ಗೋಡೆಯನ್ನೇ ನೋಡುತ್ತಿದ್ದರು. ಬೆರಳ ಗೆಣ್ಣಿನಿಂದ ಒಂದೊಂದು ಕಲ್ಲನ್ನೂ ತಟ್ಟಿ, ಕಿವಿಗೊಟ್ಟು ಕೇಳಿ, ತಲೆಯಾಡಿಸುತ್ತ ನಡೆದರು. ಕಲ್ಲಂಗಡಿ ಕೊಳ್ಳಲು ಬಂದವರ ಹಾಗೆ. ಗಣಿಯಲ್ಲಿ ತಲೆಯ ಮೇಲಿನ ಬಂಡೆ ಟೊಳ್ಳೋ ಗಟ್ಟಿಯೋ ಅಂತ ಹಾಗೆ ತಟ್ಟಿಯೇ ನೋಡುತ್ತಾರಂತೆ.

ಪೂರ್ವದ ಮೂಲೆಯಲ್ಲಿ ಗೋಡೆ ತಿರುಗುತ್ತದಲ್ಲ, ಅಲ್ಲಿ ಒಮ್ಮೆಲೇ ಕಡಲು ಎದುರಾಯಿತು. ಅವರು ಹುಟ್ಟಿದಾಗಿನಿಂದ ಕಡಲು ನೋಡಿದವರಲ್ಲ. ಬೀಗಿತ್ತಿ ಅಯ್ಯೋ ಅಂದರು, ಅಷ್ಟೇ. ಬೀಗರು ಗೋಡೆಯ ಅಂಚಿಗೆ ಬಂದು, "ಹುಡುಗ ಯಾವ ಕಡೆ ಇದ್ದಾನೆ?" ಅಂದರು. ನನಗೇನು ಗೊತ್ತು, ಕೈ ಹೋದ ಕಡೆ ತೋರಿಸಿದೆ. ಆಮೇಲೆ ಅವರು ಕೇಳಿದ್ದನ್ನು ಇಷ್ಟು ವಯಸ್ಸಿನವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. "ಅಲ್ಲಿ ಎಷ್ಟು ಆಳ?" ನಾವು ಕಡಲನ್ನು ದೂರದಿಂದ ಅಳೆಯುವವರು, ಎಷ್ಟು ದಿನದ ದಾರಿ ಅಂತ. ಆ ಮನುಷ್ಯ ಆಳದಿಂದ ಅಳೆಯುತ್ತಾರೆ. ಅವರು ಮಗಳ ಕಡೆ ಒಂದು ಸಲ ನೋಡಿ, ಕಡಲಿಗೆ ಬೆನ್ನು ಮಾಡಿ ಮೆಟ್ಟಿಲಿಳಿದರು. ಈ ಸಂಬಂಧ ಗೋಡೆಯ ಮೇಲೇ ಮುರಿಯಿತಲ್ಲಪ್ಪ ಅಂದುಕೊಂಡೆ.

ಹಾಗಾಗಿ ಸಂಜೆ ಊಟಕ್ಕೆ ನಾನು ಕೈ ಬಿಗಿಹಿಡಿಯಲಿಲ್ಲ. ಮೊಟ್ಟೆಯ ಜೊತೆ ಹುರಿದ ಸಿಂಪಿ, ಏಡಿ, ಗೆಣಸಿನ ಹಿಟ್ಟಿನ ಉಂಡೆಯ ಸಾರು, ನಡುವೆ ದೊಡ್ಡ ತಟ್ಟೆಯಲ್ಲಿ ಹಬೆಯಲ್ಲಿ ಬೇಯಿಸಿದ ಇಡೀ ಮೀನು. ನಿನ್ನ ಅಪ್ಪ ದೋಣಿಯವರ ಹತ್ತಿರ ಜಗಳವಾಡಿ ತಂದ ಮೀನು, ತಟ್ಟೆಯಿಂದ ಬಾಲ ಹೊರಗೆ ಚಾಚಿತ್ತು. ಎಲ್ಲರೂ ಮೇಲಿನ ಮಗ್ಗುಲು ತಿಂದು ಮುಗಿಸಿದೆವು. ಬೀಗರ ಮುಖವೂ ಸ್ವಲ್ಪ ಸಡಿಲವಾಗಿತ್ತು, ನಿನ್ನ ಅಪ್ಪನ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಮಾತಾಡುತ್ತಿದ್ದರು. ಇವನೂ ಕೂಗುತ್ತಿದ್ದ, ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಇಬ್ಬರೂ ಬಹಳ ಸಂತೋಷವಾಗಿದ್ದರು. ನನ್ನ ಬಟ್ಟಲು ಖಾಲಿಯಾದದ್ದು ಬೀಗರಿಗೆ ಕಂಡಿತು. "ಅಜ್ಜಿಗೆ ಮೆತ್ತಗಿನ ಕಡೆ ಕೊಡೋಣ" ಅನ್ನುತ್ತಾ ಊಟದ ಕಡ್ಡಿಯನ್ನು ಮೀನಿನ ಅಡಿಗೆ ತೂರಿಸಿ, ತಲೆ ಹಿಡಿದು, ಇಡೀ ಮೀನನ್ನು ಮಗುಚಿಬಿಟ್ಟರು.

ನೀನು ಕಡಲಿನಲ್ಲಿದ್ದೀಯ ಮಗಾ. ನಾವು ಈ ಮನೆಯಲ್ಲಿ ಒಂದು ದಿನವೂ ಮೀನು ಮಗುಚಿದವರಲ್ಲ. ಮೇಲಿನದು ತಿಂದ ಮೇಲೆ ಮುಳ್ಳನ್ನು ಎತ್ತಿ ಪಕ್ಕಕ್ಕಿಟ್ಟು ಕೆಳಗಿನದಕ್ಕೆ ಕೈ ಹಾಕುತ್ತೇವೆ, ಎರಡು ವರ್ಷದ ಕೂಸಿಗೂ ಅದು ಗೊತ್ತು. ತಟ್ಟೆಯಲ್ಲಿ ಮೀನು ಮಗುಚಿದರೆ ನೀರಿನಲ್ಲಿ ಹಡಗು ಮಗುಚುತ್ತದೆ. ನಾನು ಏನು ಮಾಡುತ್ತಿದ್ದೇನೆ ಅಂತ ತಿಳಿಯುವ ಮುಂಚೆ ನನ್ನ ಕೈ ಹೋಗಿ ಬೀಗರ ಕೈಗೆ ಫಟ್ಟನೆ ಹೊಡೆದಿತ್ತು. ಕಡ್ಡಿ ಒಂದು ಏಡಿಯ ತಟ್ಟೆಗೆ, ಒಂದು ನೆಲಕ್ಕೆ. "ಹಾಳಾದವನೇ, ನನ್ನ ಮೊಮ್ಮಗನನ್ನ ಮುಳುಗಿಸ್ತೀಯಾ!" ಅಂದುಬಿಟ್ಟೆ. ನಮ್ಮ ಭಾಷೆಯಲ್ಲೇ ಅಂದೆ, ಆದರೆ ಬೈಗುಳ ಯಾವ ಭಾಷೆಯಲ್ಲಿದ್ದರೂ ಬೈಗುಳ ಅಂತ ತಿಳಿಯುತ್ತದೆ.

ಮನೆಗೆ ಹೆಣ್ಣು ಕೊಡಲು ಬಂದವರು, ನನಗೆ ಬಡಿಸಲು ಕೈ ಚಾಚಿದವರು, ಅವರಿಗೆ ನಾನು ಹೊಡೆದೆ. ಪಾಪದ ರೂಲಾನ್, ಕಿವಿಯವರೆಗೂ ಕೆಂಪಾಗಿ, ಅಪ್ಪನ ಕಿವಿಯಲ್ಲಿ ಮೀನಿನ ವಿಷಯ ಬಿಡಿಸಿ ಹೇಳಿದಳು. ಬೀಗರ ಮುಖದಿಂದ ರಕ್ತ ಇಳಿದುಹೋಯಿತು. ಎದ್ದರು. ನೆಲದ ಮೇಲಿದ್ದ ಕಡ್ಡಿ ಹೆಕ್ಕಿ, ಒರೆಸಿ, ಬಟ್ಟಲಿನ ಮೇಲೆ ಸರಿಯಾಗಿ ಜೋಡಿಸಿಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಿನ್ನ ಅಮ್ಮ ಅಡಿಗೆಮನೆಯಲ್ಲಿ ಅತ್ತಳು. "ಅತ್ತೇ, ನಿಮ್ಮ ಕೈಗೆ ಒಂದು ಬೇಡಿ ಹಾಕಿಸಬೇಕು" ಅಂದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವಳು ನನಗೆ ಎದುರು ಮಾತಾಡಿದ್ದು. ಅವಳಿಗೆ ಅದೇ ದೊಡ್ಡ ಹಬ್ಬ.

ಬೆಳಗ್ಗೆ ಎದ್ದು ನೋಡಿದರೆ ಬೀಗಿತ್ತಿ ಗಂಟು ಕಟ್ಟಿ ಮಂಚದ ಮೇಲೆ ಕೂತಿದ್ದಾರೆ, ಬೀಗರು ಇಲ್ಲ. ಬಸ್ ನಿಲ್ದಾಣಕ್ಕೆ ಹೋಗಿ ಟಿಕೆಟ್ ಮಾಡಿಸುತ್ತಿದ್ದಾರೆ ಅಂದುಕೊಂಡೆ. ಬೀಗಿತ್ತಿಗೂ ಗೊತ್ತಿಲ್ಲ. ರೂಲಾನ್ ನಿಲ್ದಾಣದ ಕಡೆ ಓಡಿದಳು. ನಾನೂ ಬೀಗಿತ್ತಿಯೂ ಕೋಲು ಊರಿಕೊಂಡು ಬೀದಿಗಿಳಿದೆವು. ದಕ್ಷಿಣ ಬಾಗಿಲ ಹತ್ತಿರ ಕಡಲು ಕಾಯುವ ಮಾಜು ತಾಯಿಯ ಗುಡಿಯ ಪೂಜೆ ನೋಡಿಕೊಳ್ಳುವ ಮುದುಕ ಆ-ಖೂನ್ ಕಸಬರಿಗೆ ಹಿಡಿದು ಹೊರಗೇ ನಿಂತಿದ್ದ. ನನ್ನನ್ನು ಕಂಡವನೇ, "ಏ ಸ್ಯೂಕೆಂಗ್, ನಿಮ್ಮನೆಗೆ ಬಂದಿರೋ ಬೆಟ್ಟದ ಮನುಷ್ಯ ಬಾಗಿಲು ತೆಗೆಯೋ ಹೊತ್ತಿಗೇ ಬಂದು ಕೂತಿದ್ದಾನೆ. ಕಟ್ಟಿಗೆ ಎಸೀತಾನೆ, ಎತ್ಕೋತಾನೆ, ಮತ್ತೆ ಎಸೀತಾನೆ. ನನಗೆ ಗುಡಿಸೋಕೂ ಬಿಡ್ತಿಲ್ಲ, ನೆಲ ತೂತು ಬೀಳೋದೊಂದು ಬಾಕಿ" ಅಂದ.

ಒಳಗೆ ನೋಡಿದರೆ ಬೀಗರು ದೇವಿಯ ಮುಂದೆ ಮಂಡಿಯೂರಿ, ಅಪ್ಪಣೆ ಕೇಳುವ ಅರ್ಧಚಂದ್ರದ ಆ ಜೋಡಿ ಕಟ್ಟಿಗೆಯನ್ನು ಹಣೆಗೊತ್ತಿ ಎಸೆಯುತ್ತಿದ್ದಾರೆ. ಎರಡೂ ಚಪ್ಪಟೆ ಮೈ ಮೇಲಾಗಿ ಬೀಳುತ್ತಿವೆ. ನನ್ನನ್ನು ನೋಡಿ ಹೆದರಿದ ಮಗುವಿನ ಹಾಗೆ, "ಅಜ್ಜಿ, ನೋಡಿ, ಪ್ರತಿ ಸಲ ಹೀಗೇ ಬೀಳ್ತಿದೆ. ಆ ಮುದುಕಪ್ಪ ಇದು ದೇವಿ ನಗೋದು ಅಂತಾನೆ. ನನ್ನ ತಪ್ಪು ಅಷ್ಟು ದೊಡ್ಡದಾ? ಹುಡುಗನಿಗೆ ಏನಾದರೂ ಆಗಿದೆಯಾ?" ಅಂದರು. ಆಗ ನನಗೆ ತಿಳಿಯಿತು, ಆ ಮನುಷ್ಯ ನಿನ್ನೆ ರಾತ್ರಿ ಕೋಪದಿಂದ ಬಾಗಿಲು ಹಾಕಿಕೊಂಡವರಲ್ಲ. ಹೆದರಿ ಹಾಕಿಕೊಂಡವರು. ನಿನ್ನ ಮುಖ ನೋಡದವರು, ನಿನ್ನ ಜೀವಕ್ಕೆ ಹೆದರಿ ನಿದ್ದೆ ಬಿಟ್ಟು ಬಂದು ಗೊತ್ತಿಲ್ಲದ ದೇವಿಯ ಕಾಲಿಗೆ ಬಿದ್ದಿದ್ದಾರೆ. ನನ್ನ ಕೈಯನ್ನು ಆ ಗಳಿಗೆಯಲ್ಲಿ ಕತ್ತರಿಸಿ ಹಾಕಬೇಕು ಅನ್ನಿಸಿತು. ಆದರೆ ಬಾಯಿ ನನ್ನದು ಅಲ್ಲವಾ, "ಏನಂತ ಕೇಳಿದಿರಿ?" ಅಂದೆ. "ಕ್ಷಮಿಸು ಅಂತ ಕೇಳಿದೆ." "ಯಾರು ಕೇಳ್ತಿರೋದು ಅಂತ ಹೇಳಿದಿರಾ? ಹೆಸರು? ಊರು?" "ಇಲ್ಲ. ದೇವಿಗೆ ಗೊತ್ತಿರಲ್ವಾ?" "ಅಯ್ಯೋ ಬೀಗರೇ! ಹುಟ್ಟಿದಾಗಿನಿಂದ ಈ ಬೀದಿಯಲ್ಲಿರೋ ನಾನೇ ದಿನವೂ ಮನೆ ಎಲ್ಲಿ ಅಂತ ಹೇಳಿ ಮುಂದಿನ ಮಾತಾಡ್ತೀನಿ. ದೂರದ ಬೆಟ್ಟದಿಂದ ಬಂದು, ಹೆಸರಿಲ್ಲ ಊರಿಲ್ಲ, ಬಾಗಿಲು ಬಡಿದು ಕ್ಷಮಿಸು ಕ್ಷಮಿಸು ಅಂದರೆ ಆಕೆ ನಗದೆ ಇನ್ನೇನು ಮಾಡಬೇಕು!"

ಅವರು ಬೆನ್ನು ನೆಟ್ಟಗೆ ಮಾಡಿ ಕೂತರು. ಮಾಸ್ತರರ ಮುಂದೆ ಹುಡುಗರು ಒಪ್ಪಿಸುವ ಹಾಗೆ ಗಟ್ಟಿಯಾಗಿ ಹೇಳಿದರು: "ನಾನು ಮೌ ತಿಂಗ್‌ಶಾನ್. ಗುಯಿಚೌದವನು. ಗಣಿಯಲ್ಲಿದ್ದೆ, ಈಗ ಮೆಣಸಿನಕಾಯಿ ಬೆಳೀತೀನಿ. ನಿನ್ನ ಕಡಲಿನ ಕಟ್ಟಳೆ ನನಗೆ ಗೊತ್ತಿರಲಿಲ್ಲ ತಾಯಿ. ಮೀನು ಮಗುಚಿದ ಕೈ ನನ್ನದು. ಲೆಕ್ಕ ಏನಿದ್ದರೂ ನನ್ನ ಮೇಲೆ ಬರ್ಕೋ, ಹುಡುಗನ ಮೇಲೆ ಬೇಡ." ಎಸೆದರು. ಒಂದು ಚಪ್ಪಟೆ ಮೇಲೆ, ಒಂದು ಬೋರಲು. ಹೌದು ಅಂತ! ಮೂರು ಸಲ ಬರಬೇಕು ಅಂದೆ. ಎರಡನೆಯದೂ ಬಂತು. ಮೂರನೆಯ ಸಲ ಒಂದು ಕಟ್ಟಿಗೆ ಚಪ್ಪಟೆ ಮೈ ಮೇಲಾಗಿ ಎದುರಿಗೇ ನಿಂತಿತು, ಇನ್ನೊಂದು ಪುಟಿದು ಉರುಳಿ ಪೂಜೆಯ ಮೇಜಿನ ಅಡಿಗೆ, ಕತ್ತಲೆಗೆ ಹೋಯಿತು. ಆ-ಖೂನ್ ಕಸಬರಿಗೆ ಚಾಚಿ ಎಳೆಯಲು ಬಂದ. "ಮುಟ್ಟಬೇಡಿ, ಹೇಗೆ ಬಿದ್ದಿದೆಯೋ ಹಾಗೇ ನೋಡಬೇಕು" ಅಂದವರೇ ಬೀಗರು ನೆಲಕ್ಕೆ ಎದೆ ಹಚ್ಚಿ, ಮೊಣಕೈ ಊರಿ, ಆ ಗೇಣಗಲ ಸಂದಿಗೆ ತೆವಳಿಕೊಂಡು ಹೋದರು. ಅಷ್ಟು ಅಗಲದ ಭುಜ ಎಲ್ಲಿ ಹೇಗೆ ಮಡಿಸಿಕೊಂಡಿತೋ! ನಮ್ಮ ಕಣ್ಣಿಗೆ ಬೂಟಿನ ಅಡಿಗಳೆರಡೇ ಕಾಣುತ್ತಿದ್ದವು. ಬೀಗಿತ್ತಿ ಇದ್ದಕ್ಕಿದ್ದಂತೆ ನನ್ನ ತೋಳು ಹಿಡಿದರು. ಆ ಬೂಟುಗಳು ಕತ್ತಲಿಗೆ ಹೋಗುವುದನ್ನು ಅವರು ಎಷ್ಟು ಸಲ ನೋಡಿದ್ದರೋ ಏನೋ. ಒಳಗಿಂದ ದನಿ ಬಂತು: "ಬೋರಲು! ಅಜ್ಜಿ, ಬೋರಲು ಬಿದ್ದಿದೆ!" ಆ-ಖೂನ್ ಚಪ್ಪಾಳೆ ತಟ್ಟಿದ. ಬೀಗರು ಮೈತುಂಬ ಬೂದಿ, ಜೇಡರಬಲೆ ಹೊತ್ತುಕೊಂಡು ಹೊರಗೆ ಬಂದರು. ಆ-ಖೂನ್‌ಗೆ ಆ ದಿನ ಮೇಜಿನ ಅಡಿ ಗುಡಿಸುವ ಕೆಲಸವೂ ಉಳಿಯಿತು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಬೀಗರು ಮತ್ತೆ ಕಟ್ಟಿಗೆ ಕೈಗೆತ್ತಿಕೊಂಡರು. "ಇನ್ನೇನು?" ಅಂದೆ. "ಮಗಳನ್ನ ಈ ಮನೆಗೆ ಕೊಡಲೋ ಬೇಡವೋ ಅಂತ ದೇವಿಯನ್ನೇ ಕೇಳ್ತೀನಿ." ನಾನು ಎರಡೂ ಕಟ್ಟಿಗೆ ಕಿತ್ತುಕೊಂಡೆ. "ಅದನ್ನ ಇವಳಿಗೆ ಕೇಳಬೇಡಿ. ಇವಳು ಮದುವೆಯಾಗದೆ ದೇವಿಯಾದವಳು. ಬಿರುಗಾಳಿ ಕೇಳಿ, ಹೇಳ್ತಾಳೆ. ಗಂಡನ ಮನೆ ವಿಷಯ ಅವಳಿಗೇನು ಗೊತ್ತು? ಹೋಗಿ ನಿಮ್ಮ ಮಗಳನ್ನ ಕೇಳಿ." ಬೀಗಿತ್ತಿ ನಕ್ಕರು. ಬಂದ ಮೇಲೆ ಅವರು ನಕ್ಕಿದ್ದು ಅದೇ ಮೊದಲು. ತಾಯಿ ನನ್ನ ಮೇಲೆ ಸಿಟ್ಟಾಗಿರಲಾರಳು. ನಮ್ಮಿಬ್ಬರದು ಹಳೆಯ ಸಲಿಗೆ.

ಗಂಟು ಬಿಚ್ಚಿದರು. ಅವತ್ತೇ ಹಳೆಯ ಕಲ್ಲು ಸೇತುವೆ ತೋರಿಸಲು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ನೀರು ಇಳಿದಿತ್ತು. ಕಂಬಗಳ ಬುಡ ಪೂರ್ತಿ ಹೊರಗೆ ಕಾಣುತ್ತಿತ್ತು, ಸಿಂಪಿ ಹತ್ತಿಕೊಂಡು ಬೂದುಬಣ್ಣವಾಗಿ. ಈ ಕಲ್ಲುಗಳನ್ನು ಗಾರೆ ಹಾಕಿ ಕೂರಿಸಿದ್ದಲ್ಲ, ಮಧ್ಯೆ ಸಿಂಪಿ ಬೆಳೆಸಿ ಅಂಟಿಸಿದ್ದು, ಅದಕ್ಕೇ ಇಲ್ಲಿ ಯಾರೂ ಅವನ್ನು ಕೀಳಬಾರದು ಅಂದೆ. ಬೀಗರು ನಂಬಲಿಲ್ಲ. ಮೆಟ್ಟಿಲಿಳಿದು, ಕೆಸರಿನಲ್ಲಿ ನಿಂತು, ಕಂಬವನ್ನು ತಟ್ಟಿ ಕೇಳಿಯೇ ಒಪ್ಪಿದ್ದು. ಆಮೇಲೆ ಸೇತುವೆಯ ನಡುವಿನ ಕಲ್ಲುಕಟ್ಟೆಯ ಮೇಲೆ ಕೂತೆವು. ರೂಲಾನ್ ಕಿತ್ತಳೆ ಸುಲಿದು ಎಲ್ಲರಿಗೂ ಹಂಚಿದಳು, ನನ್ನದರ ನಾರು ಕೂಡ ಬಿಡಿಸಿ ಕೊಟ್ಟಳು. ಬೀಗರು ಕೆಸರಿನ ಬೂಟು ಒಣಗಲು ಇಟ್ಟು, "ಹೇಳು" ಅಂದರು ಮಗಳಿಗೆ. ಅವಳು ತಲೆ ತಗ್ಗಿಸಲಿಲ್ಲ. "ಅಪ್ಪಾ, ನೀವು ದಿನವೂ ಗಣಿಗೆ ಇಳೀತಿದ್ರಿ. ಅಮ್ಮ ನಿಮ್ಮನ್ನ ಬೇಡ ಅಂದಳಾ?" ಅಂದಳು. "ಅದನ್ನೇ ನಾನೂ ಹೇಳ್ತಿರೋದು" ಅಂದರು ಬೀಗರು. "ನಿನ್ನಮ್ಮನನ್ನ ಕೇಳು, ಹೇಗಿತ್ತು ಅಂತ."

ಆಗ ಬೀಗಿತ್ತಿ ಬಾಯಿ ಬಿಟ್ಟರು. ಕೈಯಲ್ಲಿ ಕಿತ್ತಳೆ ಸಿಪ್ಪೆಯನ್ನು ಸಣ್ಣ ಸಣ್ಣಗೆ ಹರಿಯುತ್ತ, ಯಾರನ್ನೂ ನೋಡದೆ. ಮದುವೆಯಾದ ಹೊಸತಂತೆ. ಸುರಂಗ ಕುಸಿದು ಗಂಡಸರು ಒಳಗೆ ಸಿಕ್ಕಿಕೊಂಡರಂತೆ. ಊರಿನ ಹೆಂಗಸರೆಲ್ಲ ಗಣಿಯ ಬಾಯಿಯಲ್ಲಿ ನಿಂತರು. ಇವರು ಹೊಸ ಸೊಸೆ, ಯಾರಿಗೂ ಇವರ ಮುಖ ಪರಿಚಯವಿಲ್ಲ, ಹಿಂದೆ ಬೇಲಿಯ ಹತ್ತಿರ ನಿಂತಿದ್ದರು. ಗಂಡಸರನ್ನು ಗುಡ್ಡದ ಆ ಕಡೆಯ ಇನ್ನೊಂದು ಬಾಯಿಯಿಂದ ಹೊರಗೆ ತೆಗೆದರು. ತಿಂಗ್‌ಶಾನ್ ಬದುಕಿದ್ದಾನೆ ಅನ್ನುವ ಸುದ್ದಿ ಹೊತ್ತುಕೊಂಡು ಜನ ಓಡಿದ್ದು ಇವರ ಅತ್ತೆಯ ಮನೆಗೆ. ಅಲ್ಲಿ ಪಟಾಕಿ ಹೊಡೆದರು, ಕೋಳಿ ಕೊಯ್ದರು. ಸೊಸೆ ಎಲ್ಲಿ ಅಂತ ಯಾರಿಗೂ ನೆನಪಾಗಲಿಲ್ಲ. "ಪಟಾಕಿ ಸದ್ದು ನನಗೂ ಕೇಳಿಸ್ತು ಅಜ್ಜಿ. ಯಾರೋ ಪುಣ್ಯವಂತೆಯ ಗಂಡ ಬದುಕಿ ಬಂದ ಅಂದ್ಕೊಂಡೆ. ಆ ಮಧ್ಯಾಹ್ನ ಪೂರ್ತಿ ಊರಲ್ಲಿ ನಾನೊಬ್ಬಳೇ ಅವರ ವಿಧವೆಯಾಗಿದ್ದೆ." ಅಷ್ಟು ಹೇಳಿ ಸಿಪ್ಪೆಯ ಚೂರುಗಳನ್ನು ಮಡಿಲಲ್ಲಿ ಕೂಡಿಸಿಕೊಂಡರು, ನೀರಿಗೆ ಎಸೆಯಲಿಲ್ಲ. ಬೀಗರು ತಮ್ಮ ಬೂಟನ್ನೇ ನೋಡುತ್ತಾ, "ಹುಡುಗ ಒಳ್ಳೆಯವನೇ ಇರಬಹುದು. ಮನೆಯವರೂ ಒಳ್ಳೆಯವರು, ಸ್ವಲ್ಪ ಹೊಡೀತಾರೆ ಅಷ್ಟೇ. ಆದರೆ ನನ್ನ ಮಗಳಿಗೆ ಆ ಮಧ್ಯಾಹ್ನ ಬೇಡ" ಅಂದರು.

ಬುನ್‌ಹಾಯ್, ನನ್ನ ನಾಲಿಗೆ ಯಾವತ್ತೂ ಸೋತದ್ದಿಲ್ಲ, ನಿನಗೆ ಗೊತ್ತು. ಅಲ್ಲಿ ಸೋತಿತು. ಮದುವೆಯಾದ ಮೇಲೂ ಮೂರು ವರ್ಷ ತವರಿನಲ್ಲೇ ಇದ್ದು, ಹಬ್ಬಕ್ಕೆ ಮಾತ್ರ ಗಂಡನ ಮನೆಗೆ ಬಂದು ಹೋಗುವ ಕಾಲದವಳು ನಾನು. ನಿನ್ನ ತಾತನ ದೋಣಿ ಬಂತೋ ಇಲ್ಲವೋ ಅನ್ನುವುದು ನನಗೂ ಸಂತೆಯ ಹೆಂಗಸರ ಬಾಯಿಂದಲೇ ಗೊತ್ತಾಗುತ್ತಿತ್ತು. ಅದರ ಮೇಲೆ ಅತ್ತೆಯಾದೆ, ಅಜ್ಜಿಯಾದೆ, ಸುದ್ದಿ ಮೊದಲು ಬರುವ ಜಾಗದಲ್ಲಿ ಕಾಲು ಚಾಚಿ ಕೂತೆ. ಕೂತ ಮೇಲೆ ಹಿಂದೆ ಬೇಲಿಯ ಹತ್ತಿರ ಯಾರು ನಿಂತಿದ್ದಾರೆ ಅಂತ ತಿರುಗಿ ನೋಡುವ ಅಭ್ಯಾಸ ತಪ್ಪಿಹೋಗುತ್ತದೆ. ಬಸ್ಸಿನಲ್ಲಿ ಮನೆಗೆ ಬರುವಾಗ ಹುಡುಗಿ ನನ್ನ ಭುಜಕ್ಕೆ ಒರಗಿ ಕಣ್ಣು ಮುಚ್ಚಿದ್ದಳು. ನಿದ್ದೆ ಬಂದಿರಲಿಲ್ಲ, ರೆಪ್ಪೆ ಅಲುಗುತ್ತಿತ್ತು. ನಾನು ದಾರಿಯುದ್ದಕ್ಕೂ ಯೋಚನೆ ಮಾಡಿದೆ.

ಮರುದಿನ ಅವರು ಹೊರಟರು. ನಾನು ಒಣಸಿಗಡಿ, ಒಣಗಿಸಿದ ಸಿಂಪಿ, ನಿನ್ನ ಅಪ್ಪ ಕೆತ್ತಿದ ಅಂಗೈಯಗಲದ ಕಲ್ಲಿನ ಸಿಂಹ ಒಂದು, ಎಲ್ಲ ಕಟ್ಟಿಕೊಟ್ಟೆ. ಬೀಗರು ಸಿಂಹವನ್ನೂ ತಟ್ಟಿ ನೋಡಿದರು. ನಾನು ಹೊಡೆದಿದ್ದ ಅವರ ಕೈಯನ್ನು ಹಿಡಿದುಕೊಂಡು, ತಪ್ಪಾಯಿತು ಅಂದೆ. "ನನ್ನ ಅಮ್ಮ ಹೋದ ಮೇಲೆ ಯಾರೂ ಹೊಡೆದಿರಲಿಲ್ಲ" ಅಂದರು. ಅದು ಬೈದದ್ದೋ ಹೊಗಳಿದ್ದೋ ರೂಲಾನಳಿಗೂ ಬಿಡಿಸಿ ಹೇಳಲಾಗಲಿಲ್ಲ. ನಿನ್ನ ಜೀವಕ್ಕಾಗಿ ಬೂದಿಯಲ್ಲಿ ತೆವಳಿದ ಆ ಮನುಷ್ಯನ ಉಪಕಾರವನ್ನು ನಾನು ಇರುವವರೆಗೂ ಮರೆಯುವುದಿಲ್ಲ, ನೀನೂ ಮರೆಯಬೇಡ. ಕಡಲು ನೋಡದ ಊರಿನಲ್ಲಿ ನಿನಗಾಗಿ ಹೆದರುವವರು ಇಬ್ಬರು ಇದ್ದಾರೆ ಅಂದರೆ ನಮ್ಮ ಮನೆಯ ಪುಣ್ಯ ಸಣ್ಣದಲ್ಲ. ನಿನ್ನ ಅಮ್ಮನೂ ಈಗ ಮಾತಾಡುತ್ತಿದ್ದಾಳೆ, ಸ್ವಲ್ಪ ಜಾಸ್ತಿಯೇ.

ನಿನ್ನ ಅಪ್ಪ ಪಟ್ಟಣಕ್ಕೆ ಹೊರಟು ನಿಂತು ಕಾಗದ ಕೊಡು ಕೊಡು ಅಂತ ಕೂಗುತ್ತಿದ್ದಾನೆ. ಕಿವಿ ಕೇಳಿಸದವರಿಗೆ ಅವಸರ ಜಾಸ್ತಿ. ನಿಮ್ಮ ಕ್ಯಾಪ್ಟನ್ನರಿಗೂ, ಗೋಂದಿನ ಗಂಜಿ ಮಾಡುವ ಆ ಪುಣ್ಯಾತ್ಮನಿಗೂ ನನ್ನ ನಮಸ್ಕಾರ ಹೇಳು. ನಿನ್ನ ಕಾಲ ಕೆಳಗಿನ ಹಲಗೆ ಗಟ್ಟಿಯಾಗಿರಲಿ, ಹಲಗೆಯ ಕೆಳಗಿನ ನೀರು ಸಮಾಧಾನವಾಗಿರಲಿ. ಹೊಟ್ಟೆ ತುಂಬ ಉಣ್ಣು, ಕಣ್ಣು ತುಂಬ ಮಲಗು.

ನಿನ್ನ ಅಜ್ಜಿ,
ಸ್ಯೂಕೆಂಗ್

ತಾ.ಕ. ನೋಡು, ಇಷ್ಟೆಲ್ಲ ಬರೆದು ಮುಖ್ಯವಾದದ್ದನ್ನೇ ಬಿಟ್ಟೆ. ಬೀಗರು ಒಪ್ಪಿದರು. ಬಸ್ಸು ಹೊರಡುವ ಮುಂಚೆ ಕಿಟಕಿಯ ಹತ್ತಿರ ನಿಂತು ಅವರಿಗೂ ಬೀಗಿತ್ತಿಗೂ ನಾನೊಂದು ಮಾತು ಕೊಟ್ಟೆ, ಅದರ ಮೇಲೆ ಒಪ್ಪಿದರು. ನೀನು ಮೊದಲ ಹಡಗು ಹತ್ತಿದಾಗಿನಿಂದ ಯಾವ ಬಂದರು ಮುಟ್ಟಿದರೂ ಮೊದಲ ಫೋನು ನನಗೇ ಬರುತ್ತಿತ್ತು. ಇನ್ನು ಮೇಲೆ ಅದು ರೂಲಾನಳದು. ಮದುವೆಯಾದ ಮೇಲಿಂದ ಅಲ್ಲ, ಈ ಕಾಗದ ಓದಿದ ಗಳಿಗೆಯಿಂದ. ಕಂಪನಿಯವರಿಗೂ ಹೇಳಿಬಿಡು, ಒಳ್ಳೆಯದಾಗಲಿ ಕೆಟ್ಟದಾಗಲಿ ಸುದ್ದಿ ಮೊದಲು ಅವಳಿಗೆ ಹೋಗಬೇಕು, ಆಮೇಲೆ ಈ ಮನೆಗೆ. ಕಿಟಕಿಯೊಳಗಿಂದ ಬೀಗಿತ್ತಿ ನನ್ನ ಬೆರಳನ್ನು ಬಸ್ಸು ಅಲುಗುವವರೆಗೂ ಬಿಡಲಿಲ್ಲ, ಹಾಗಾಗಿ ನನ್ನ ಮಾತು ಕೆಡಿಸಬೇಡ. ನನಗೆ ಎರಡನೆಯ ಫೋನು ಸಾಕು. ಆದರೆ ಎರಡನೆಯದು ನನ್ನದೇ. ಅದನ್ನು ನಿನ್ನ ಅಮ್ಮನಿಗೆ ಕೊಟ್ಟೀಯ, ಜೋಕೆ.